ಹಾರಿತಿಯ ಪಾಲು



ಈ ದತ್ತಿ ಉಪನ್ಯಾಸ ಒಬ್ಬ ತಾಯಿಯ ಹೆಸರಿನಲ್ಲಿದೆ. ಆಮಂತ್ರಣ ಕೈಗೆ ಬಂದಾಗ ಆ ಹೆಸರನ್ನು ಓದಿದೆ. ಯಾವ ವಿಷಯ ಹಿಡಿಯಲಿ ಎಂಬ ಚಿಂತೆ ಅಲ್ಲಿಗೇ ತೀರಿತು. ತಾಯಿಯ ಬಗ್ಗೆಯೇ ಮಾತಾಡೋಣ ಅಂದುಕೊಂಡೆ. ಆದರೆ ಸಭೆಗಳಲ್ಲಿ ನಾವು ಹಾಡಿ ಹೊಗಳುವ ತಾಯಿ ಅಲ್ಲ ಇವಳು. ಊರ ಮಕ್ಕಳನ್ನು ಕದ್ದು ತಿನ್ನುತ್ತಿದ್ದ ತಾಯಿ. ಇದನ್ನು ಫೋನಿನಲ್ಲಿ ಹೇಳಿದಾಗ ಸಂಚಾಲಕರು ಒಂದು ಕ್ಷಣ ಸುಮ್ಮನಾದರು. ಆಮೇಲೆ, ‘ಕೊನೆಗೆ ಒಳ್ಳೆಯವಳಾಗ್ತಾಳಲ್ಲ ಸರ್?’ ಎಂದರು. ಆಗುತ್ತಾಳೆ ಎಂದೆ. ಹೇಗೆ ಆಗುತ್ತಾಳೆ ಅನ್ನುವುದೇ ಇವತ್ತಿನ ಮಾತು.

ಮೊದಲು ದತ್ತಿ ಎಂಬ ಪದದ ಬಗ್ಗೆ ಒಂದು ಮಾತು. ಶಾಸನ ಓದುವವರಿಗೆ ಇದು ಹಳೆಯ ನಂಟಿನ ಪದ. ಇಂಥ ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ, ಮಠದ ತಪೋಧನರ ಆಹಾರಕ್ಕೆ ಎಂದು ಇಷ್ಟು ಮತ್ತರು ನೆಲ ಬಿಟ್ಟರೆ ಅದು ದತ್ತಿ. ಕಲ್ಲಿನ ಕೊನೆಯಲ್ಲಿ ಎರಡು ಮಾತು ಇದ್ದೇ ಇರುತ್ತವೆ: ಇದನ್ನು ಕಾಪಾಡಿದವನಿಗೆ ಪುಣ್ಯ, ಅಳಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ಅನ್ನದ ವ್ಯವಸ್ಥೆ, ಹರಕೆ, ಬೆದರಿಕೆ ಮೂರೂ ಒಂದೇ ಕಲ್ಲಿನ ಮೇಲೆ. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ಕಥೆ ಕೇಳಿ.

ಮಗಧದ ರಾಜಗೃಹ, ಈಗಿನ ಬಿಹಾರದ ರಾಜಗೀರ್. ಆ ಊರನ್ನು ಒಬ್ಬ ಯಕ್ಷ ಕಾಯುತ್ತಿದ್ದ. ಅವನ ಮಗಳು ಅಭಿರತಿ. ಅವಳನ್ನು ಗಾಂಧಾರದ ಪಾಂಚಿಕ ಎಂಬ ಯಕ್ಷನಿಗೆ ಕೊಟ್ಟಿದ್ದರು. ಅವಳಿಗೆ ಐನೂರು ಗಂಡುಮಕ್ಕಳು, ಕಟ್ಟಕಡೆಯವನು ಪ್ರಿಯಂಕರ. ಇಷ್ಟು ತುಂಬಿದ ಮಡಿಲಿನ ಹೆಣ್ಣು ತವರೂರಿನ ಮಕ್ಕಳನ್ನು ಒಂದೊಂದಾಗಿ ಹೊತ್ತೊಯ್ದು ತಿನ್ನತೊಡಗಿದಳು. ಅಪ್ಪ ಕಾದ ಊರನ್ನೇ ಮಗಳು ತಿಂದಳು. ಊರವರು ಅವಳಿಗೆ ಇಟ್ಟ ಹೆಸರು ಹಾರಿತಿ, ಹರಣ ಮಾಡುವವಳು.

ಯಾಕೆ ತಿಂದಳು? ಮೂಲಸರ್ವಾಸ್ತಿವಾದಿಗಳೆಂಬ ಬೌದ್ಧ ಪಂಥದ ವಿನಯಗ್ರಂಥ ಇದಕ್ಕೆ ಹಿಂದಿನ ಜನ್ಮದ ಕಥೆಯೊಂದನ್ನು ಹೇಳುತ್ತದೆ. ನನಗೆ ಇಡೀ ಕಥೆಯ ಜೀವ ಅಲ್ಲಿದೆ ಅನ್ನಿಸುತ್ತದೆ. ಆ ಜನ್ಮದಲ್ಲಿ ಅವಳು ಇದೇ ಊರಿನ ಗೊಲ್ಲತಿ, ತುಂಬು ಬಸುರಿ. ಮಜ್ಜಿಗೆ ಮಾರಲು ಹೊರಟಾಗ ಊರಲ್ಲಿ ಹಬ್ಬ ನಡೆದಿತ್ತು. ಹಬ್ಬಕ್ಕೆ ಹೊರಟ ಗುಂಪು ‘ಬಾ, ನೀನೂ ಕುಣಿ’ ಎಂದು ಎಳೆಯಿತು. ಅವಳು ಕುಣಿದಳು, ಗರ್ಭ ಇಳಿದುಹೋಯಿತು. ಗುಂಪು ಮುಂದೆ ಸಾಗಿತು. ಯಾರೂ ನಿಂತು ನೋಡಲಿಲ್ಲ. ದಾರಿಯಲ್ಲಿ ಉಳಿದ ಹೆಣ್ಣು ಕೈಯಲ್ಲಿದ್ದ ಮಜ್ಜಿಗೆ ಕೊಟ್ಟು ಐನೂರು ಮಾವಿನಹಣ್ಣು ಕೊಂಡಳು. ಎದುರಿಗೆ ಬಂದ ಒಬ್ಬ ಪ್ರತ್ಯೇಕಬುದ್ಧನಿಗೆ, ಅಂದರೆ ತಾನೇ ಒಂಟಿಯಾಗಿ ಅರಿವು ಪಡೆದವನಿಗೆ, ಅವನ್ನೆಲ್ಲ ಅರ್ಪಿಸಿದಳು. ದಾನದ ಫಲವಾಗಿ ಅವಳು ಬೇಡಿದ್ದು ಮೋಕ್ಷವನ್ನಲ್ಲ. ಮುಂದಿನ ಜನ್ಮದಲ್ಲಿ ಇದೇ ಊರಲ್ಲಿ ಹುಟ್ಟಿ ಈ ಜನರ ಮಕ್ಕಳನ್ನು ತಿನ್ನುವಂತಾಗಲಿ ಎಂದು ಬೇಡಿದಳು.

ಪುಣ್ಯದ ಬಲದಿಂದ ಪಾಪ ಮಾಡುವ ಶಕ್ತಿ ಬರುವುದು ವಿಚಿತ್ರವಾಗಿ ಕಾಣಬಹುದು. ನಮ್ಮ ಪುರಾಣಗಳ ಅಸುರರು ತಪಸ್ಸಿನಿಂದ ವರ ಪಡೆಯುವ ಹಾದಿಯೇ ಇದು. ಆದರೆ ಅಸುರನಿಗೆ ಬೇಕಾದದ್ದು ಮೂರು ಲೋಕ. ಈ ಗೊಲ್ಲತಿ ಕೇಳಿದ್ದು ಒಂದು ಊರಿನ ಲೆಕ್ಕ ತೀರಿಸುವುದನ್ನು ಮಾತ್ರ.

ಮುಂದಿನದು ಬಹಳ ಜನ ಕೇಳಿರುವ ಭಾಗ. ಊರವರು ಬುದ್ಧನ ಬಳಿ ಹೋದರು. ಬುದ್ಧ ಅವಳಿಲ್ಲದ ಹೊತ್ತಿನಲ್ಲಿ ಅವಳ ಮನೆಗೆ ಹೋಗಿ, ಪ್ರಿಯಂಕರನನ್ನು ತನ್ನ ಭಿಕ್ಷಾಪಾತ್ರೆಯಡಿ ಬಚ್ಚಿಟ್ಟ. ಅವಳು ಹುಡುಕಿದಳು. ಊರು, ಕಾಡು, ದಿಕ್ಕುಗಳು, ಸಮುದ್ರದ ಅಂಚು, ದೇವಲೋಕದ ಬಾಗಿಲು ಎಲ್ಲ ಕಡೆ ಎದೆ ಬಡಿದುಕೊಂಡು ಅಲೆದಳು. ಕೊನೆಗೆ ಬುದ್ಧನ ಮುಂದೆ ಬಂದು ಬಿದ್ದಳು. ಐನೂರು ಮಕ್ಕಳಲ್ಲಿ ಒಂದು ಕಾಣದಾದಾಗ ನಿನಗೆ ಇಷ್ಟು ಸಂಕಟವಾದರೆ, ಒಂದೋ ಎರಡೋ ಇದ್ದವರ ಪಾಡೇನು ಎಂದು ಅವನು ಕೇಳಿದ. ಅವಳಿಗೆ ಅರ್ಥವಾಯಿತು. ಮಗು ಸಿಕ್ಕಿತು, ಅವಳು ಶೀಲಗಳನ್ನು ಸ್ವೀಕರಿಸಿದಳು.

ನಮ್ಮ ಪಠ್ಯಪುಸ್ತಕದ ಮನಸ್ಸು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತದೆ: ಕ್ರೂರಿಗೆ ಕರುಣೆ ತಿಳಿಯಿತು, ಶುಭಂ. ಕಥೆ ನಿಲ್ಲುವುದಿಲ್ಲ. ಹಾರಿತಿ ಇನ್ನೊಂದು ಪ್ರಶ್ನೆ ಕೇಳುತ್ತಾಳೆ: ಸರಿ, ಇನ್ನು ನಾನೂ ನನ್ನ ಮಕ್ಕಳೂ ಏನು ತಿನ್ನಬೇಕು?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಕಾಲಿಗೆ ಬಿದ್ದ ಮೇಲೂ ಅವಳು ಅಡುಗೆಮನೆಯ ಲೆಕ್ಕ ಬಿಡಲಿಲ್ಲ. ಬುದ್ಧನೂ ಇದನ್ನು ಕೊಸರಾಟವೆಂದು ತಳ್ಳಿಹಾಕಲಿಲ್ಲ. ಜಂಬೂದ್ವೀಪದಲ್ಲಿ ನನ್ನ ಶಿಷ್ಯರು ಉಣ್ಣುವ ಪ್ರತಿ ಊಟದಲ್ಲೂ ನಿನ್ನ ಹೆಸರು, ನಿನ್ನ ಮಕ್ಕಳ ಹೆಸರು ಕರೆದು ಪಂಕ್ತಿಯ ಕೊನೆಗೆ ಒಂದು ಪಾಲು ಇಡುತ್ತಾರೆ, ನೀವು ಹಸಿದಿರುವುದಿಲ್ಲ, ಬದಲಿಗೆ ವಿಹಾರಗಳನ್ನೂ ಅಲ್ಲಿರುವವರನ್ನೂ ಕಾಯಿರಿ ಎಂದ. ಇದು ದತ್ತಿ, ಶುದ್ಧ ದತ್ತಿ. ಯಾವ ದೇವರಿಗೆ, ಏನು, ಎಷ್ಟು ಹೊತ್ತಿಗೆ, ಯಾರ ಕೈಯಿಂದ, ಯಾವುದಕ್ಕೆ ಪ್ರತಿಯಾಗಿ ಎಲ್ಲ ಸ್ಪಷ್ಟವಿದೆ. ಬೆದರಿಕೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪಾಲು ತಪ್ಪಿದರೆ ಏನಾದೀತೆಂದು ರಾಜಗೃಹದ ತಾಯಂದಿರಿಗೆ ಗೊತ್ತಿತ್ತು.

ಈ ಮಾತು ಗ್ರಂಥದಲ್ಲಷ್ಟೇ ಉಳಿಯಲಿಲ್ಲ. 671ರಲ್ಲಿ ಚೀನಾದಿಂದ ಹಡಗು ಹತ್ತಿ ಬಂದು, ನಾಲಂದೆಯಲ್ಲಿ ವರ್ಷಾನುಗಟ್ಟಲೆ ಓದಿದ ಇತ್ಸಿಂಗ್ ಎಂಬ ಭಿಕ್ಷು ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಭಾರತದ ವಿಹಾರಗಳಲ್ಲಿ ಊಟದ ಮನೆಯ ಪಡಸಾಲೆಯಲ್ಲೋ ಮೂಲೆಯಲ್ಲೋ ಹಾರಿತಿಯ ಪ್ರತಿಮೆ ಇರುತ್ತಿತ್ತು. ತೋಳಲ್ಲೊಂದು ಕೂಸು, ಮೊಣಕಾಲ ಸುತ್ತ ಮೂರೋ ಐದೋ ಮಕ್ಕಳು. ದಿನಾ ಅವಳ ಮುಂದೆ ಎಡೆ ಹಾಕುತ್ತಿದ್ದರು. ಮಕ್ಕಳಿಲ್ಲದವರು, ಕಾಯಿಲೆಯವರು ಬಂದು ಬೇಡಿಕೊಳ್ಳುತ್ತಿದ್ದರು. ಮೂಲಸರ್ವಾಸ್ತಿವಾದಿಗಳ ವಿನಯವನ್ನು ಚೀನೀ ಭಾಷೆಗೆ ತಂದವನೂ ಇವನೇ. ಕಥೆಯನ್ನೂ ಅದರ ಊಟದ ಪಾಲನ್ನೂ ಎರಡನ್ನೂ ನೋಡಿದ ಮನುಷ್ಯ.

ಸಂಸಾರ ಬಿಟ್ಟವರ ಊಟದ ಮನೆಯಲ್ಲಿ ಮಕ್ಕಳೊಂದಿಗೆ ಕೂತ ಹೆಣ್ಣು! ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಅಜಂತಾದ 2ನೇ ಗುಹೆಗೆ ಹೋಗಬೇಕು. ನಾನು ಹೋದ ದಿನ ಕಾವಲಿನವನ ಟಾರ್ಚು ಎಲ್ಲರನ್ನೂ ನಡುವಿನ ಬುದ್ಧನ ಕಡೆಗೇ ನಡೆಸುತ್ತಿತ್ತು. ಬಲಬದಿಗೆ ಒಂದು ಕಿರುಗುಡಿ ಇದೆ. ಅಲ್ಲಿ ಹಾರಿತಿ ಮತ್ತು ಪಾಂಚಿಕ ಜೋಡಿಯಾಗಿ ಕೂತಿದ್ದಾರೆ, 5ನೇ ಶತಮಾನದ ಕೆಲಸ. ಮೇಲ್ಗಡೆ ಅವಳ ಕಥೆಯ ತುಣುಕುಗಳು: ಸಿಟ್ಟಾಗಿ ಏರಿ ಬಂದದ್ದು, ಆಮೇಲೆ ತಲೆಬಾಗಿದ್ದು. ಪೀಠದ ಕೆಳಗೆ ಒಂದು ಸಾಲು ಮಕ್ಕಳು, ಒಬ್ಬ ಮೇಷ್ಟ್ರು. ಮುಂದಿನ ಹುಡುಗರು ಪಾಠ ಕೇಳುತ್ತಿದ್ದಾರೆ, ಹಿಂದಿನವರು ಆಟಕ್ಕೆ ಬಿದ್ದಿದ್ದಾರೆ. ನಲವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಆ ಶಿಲ್ಪಿ ಯಾವ ಬೆಂಚಿನ ವಿದ್ಯಾರ್ಥಿಯಾಗಿದ್ದ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಅದಿರಲಿ. ಆ ಕಿರುಗುಡಿಯ ಪಕ್ಕದ ಗೋಡೆಗಳನ್ನೂ ನೋಡಿ. ಅಲ್ಲಿ ಕಾಣಿಕೆ ಹಿಡಿದು, ಮಕ್ಕಳನ್ನು ಕರೆದುಕೊಂಡು ಬಂದ ಹೆಂಗಸರ ಚಿತ್ರಗಳಿವೆ. ಗ್ರಂಥದಲ್ಲಿ ಪಾಲು ಕೊಡಬೇಕಾದವರು ಭಿಕ್ಷುಗಳು. ಗೋಡೆಯ ಮೇಲೆ ಕೊಡುತ್ತಿರುವವರು ಹೆಂಗಸರು.

ಇನ್ನು ಇದೇ ಊರಿನ ಇನ್ನೊಬ್ಬಳ ಕಥೆಗೆ ಬರೋಣ. ಊರು ಅದೇ, ಮಹಾಭಾರತದಲ್ಲಿ ಅದರ ಹೆಸರು ಗಿರಿವ್ರಜ. ರಾಜ ಬೃಹದ್ರಥನಿಗೆ ಕಾಶಿಯ ಇಬ್ಬರು ರಾಜಕುಮಾರಿಯರು ಹೆಂಡಂದಿರು, ಮಕ್ಕಳಿಲ್ಲ. ಚಂಡಕೌಶಿಕ ಮುನಿ ಒಂದು ಮಾವಿನಹಣ್ಣು ಕೊಟ್ಟ. ಇಬ್ಬರೂ ಹಂಚಿಕೊಂಡು ತಿಂದರು, ಇಬ್ಬರಿಗೂ ಅರ್ಧರ್ಧ ಮಗು ಹುಟ್ಟಿತು. ಹೆದರಿದ ದಾದಿಯರು ಆ ಹೋಳುಗಳನ್ನು ಬೀದಿಯ ಚೌಕದಲ್ಲಿ ಎಸೆದು ಬಂದರು. ಮಾಂಸ ತಿನ್ನುವ ಜರೆ ಎಂಬ ರಾಕ್ಷಸಿ ಹೊತ್ತುಕೊಂಡು ಹೋಗಲು ಸುಲಭವಾಗಲೆಂದು ಎರಡನ್ನೂ ಜೋಡಿಸಿದಳು. ಮಗು ಕೂಡಿಕೊಂಡು ಕಿಟಾರನೆ ಅತ್ತಿತು. ಅವಳು ತಿನ್ನಲಿಲ್ಲ, ತಂದು ರಾಜನ ಕೈಗೆ ಕೊಟ್ಟಳು. ಹಾಗಾಗಿ ಅವನು ಜರಾಸಂಧ.

ಜರಾಸಂಧನನ್ನು ಸೀಳಿದ ಭೀಮನ ಕಥೆಯ ಗದ್ದಲದಲ್ಲಿ ನಾವು ಜರೆಯ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಪ್ರಚಲಿತ ಪಾಠದಲ್ಲಿ ಅವಳು ರಾಜನಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ. ತಾನು ಮನೆಮನೆಯಲ್ಲಿ ಇರುವವಳು, ಗೃಹದೇವಿ ಎಂದು ತನ್ನ ಹೆಸರು, ತುಂಬು ಹರೆಯದವಳಾಗಿ ಮಕ್ಕಳ ನಡುವೆ ತನ್ನನ್ನು ಯಾರು ಗೋಡೆಯ ಮೇಲೆ ಭಕ್ತಿಯಿಂದ ಬರೆಯುತ್ತಾರೋ ಅವರ ಮನೆ ಬೆಳೆಯುತ್ತದೆ ಎನ್ನುತ್ತಾಳೆ. ನಿನ್ನ ಮನೆಯ ಗೋಡೆಯ ಮೇಲೂ ನಾನಿದ್ದೇನೆ, ಗಂಧ ಹೂ ಧೂಪ ಭಕ್ಷ್ಯಗಳಿಂದ ನನ್ನನ್ನು ಪೂಜಿಸುತ್ತಾ ಬಂದಿದ್ದೀರಿ, ಅದರ ಋಣ ತೀರಿಸಬೇಕೆಂದಿದ್ದೆ ಎನ್ನುತ್ತಾಳೆ. ರಾಜ ಅವಳ ಹೆಸರಿನಲ್ಲಿ ಮಗಧದಲ್ಲಿ ಒಂದು ದೊಡ್ಡ ಹಬ್ಬಕ್ಕೆ ಅಪ್ಪಣೆ ಮಾಡುತ್ತಾನೆ.

ಒಂದೇ ಊರು, ಎರಡು ಕಥೆಗಳಲ್ಲೂ ಮಾವಿನಹಣ್ಣು, ಹೊರಗೆ ಬಿದ್ದುಹೋದ ಕೂಸು, ಮಕ್ಕಳನ್ನು ತಿನ್ನುವ ಹೆಣ್ಣು, ಅವಳಿಗೆ ಅನ್ನದ ಏರ್ಪಾಟು, ಸುತ್ತ ಮಕ್ಕಳಿರುವ ಚಿತ್ರ. ಇಂಥಲ್ಲಿ ವಿದ್ವಾಂಸರು ಸಾಲದ ಲೆಕ್ಕ ಬರೆಯಲು ಕೂರುತ್ತಾರೆ: ಬೌದ್ಧರಿಂದ ಹಿಂದೂಗಳಿಗೋ, ಹಿಂದೂಗಳಿಂದ ಬೌದ್ಧರಿಗೋ? ನನಗೆ ಆ ಲೆಕ್ಕದಲ್ಲಿ ಆಸಕ್ತಿ ಕಡಿಮೆ. ರಾಜಗೃಹದ ಹೆಂಗಸರು ಗೋಡೆಯ ಮೇಲೆ ಯಾರನ್ನೋ ಬರೆದು ಎಡೆ ಇಡುತ್ತಿದ್ದರು. ಭಿಕ್ಷು ಬಂದು ಅವಳ ಕಥೆಯನ್ನು ತನ್ನ ರೀತಿಯಲ್ಲಿ ಹೇಳಿದ, ಸೂತ ಬಂದು ತನ್ನ ರೀತಿಯಲ್ಲಿ ಹೇಳಿದ. ಹೆಂಗಸರು ಇಬ್ಬರ ಕಥೆಯನ್ನೂ ಕೇಳಿರಬೇಕು. ಎಡೆಯನ್ನಂತೂ ನಿಲ್ಲಿಸಲಿಲ್ಲ.

ಮಹಾಭಾರತದ ವನಪರ್ವದಲ್ಲಿ ಇದೇ ಒಪ್ಪಂದ ಇನ್ನೂ ನೇರವಾಗಿ ಬರುತ್ತದೆ. ಸ್ಕಂದ ಹುಟ್ಟಿದ ಮೇಲೆ ಮಾತೃಗಣ ಅವನ ಬಳಿ ಬಂದು, ನಮಗೆ ಪೂಜೆ ಬೇಕು, ಲೋಕದ ಮಕ್ಕಳನ್ನು ನಮಗೆ ತಿನ್ನಲು ಕೊಡು ಎಂದು ಕೇಳುತ್ತದೆ. ಸ್ಕಂದನಿಗೆ ಮುಜುಗರ. ಕೊಟ್ಟೆ, ಆದರೆ ನಿಮಗೆ ನಮಸ್ಕರಿಸಿದವರ ಮಕ್ಕಳನ್ನು ಕಾಯಿರಿ ಎನ್ನುತ್ತಾನೆ. ಕೊನೆಗೆ ಗಡುವು ನಿಗದಿಯಾಗುತ್ತದೆ: ಹದಿನಾರು ವರ್ಷದವರೆಗೆ ಮಕ್ಕಳ ಮೇಲೆ ಇವರ ಅಧಿಕಾರ. ಆಮೇಲೆ ಬರುವ ಹೆಸರುಗಳಲ್ಲಿ ಪೂತನೆ, ಶೀತಪೂತನೆ, ರೇವತಿ, ಶಕುನಿ, ಮುಖಮಂಡಿಕೆ ಇದ್ದಾರೆ. ಸುಶ್ರುತಸಂಹಿತೆಯ ಉತ್ತರತಂತ್ರ ಕೂಸುಗಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಹೇಳುವಾಗ ಇದೇ ಹೆಸರುಗಳು ಮತ್ತೆ ಬರುತ್ತವೆ, ಈ ಬಾರಿ ರೋಗಗಳಾಗಿ: ಯಾವ ಗ್ರಹ ಹಿಡಿದರೆ ಕೂಸು ಹೇಗೆ ಅಳುತ್ತದೆ, ಮೈ ಯಾವ ವಾಸನೆ ಬರುತ್ತದೆ, ಯಾವ ಸೊಪ್ಪಿನ ನೀರೆರೆಯಬೇಕು, ಎಲ್ಲಿ ಬಲಿ ಇಡಬೇಕು. ನಮ್ಮ ಹಳ್ಳಿಗಳಲ್ಲಿ ಕೂಸಿಗೆ ಸೆಳೆತ ಬಂದರೆ ‘ಬಾಲಗ್ರಹ’ ಅನ್ನುವುದು ಈ ಸಾಲಿನಿಂದಲೇ ಇಳಿದು ಬಂದ ಮಾತು.

ಪೂತನೆ ನಮಗೆ ಗೊತ್ತಿರುವುದು ಭಾಗವತದಿಂದ, ವಿಷದ ಮೊಲೆಯೂಡಿಸಲು ಬಂದ ರಾಕ್ಷಸಿಯಾಗಿ. ಅಲ್ಲೂ ಒಂದು ವಿಶೇಷವಿದೆ. ಅವಳ ಹೆಣ ಸುಟ್ಟಾಗ ಅಗರಿನ ಸುವಾಸನೆ ಬಂತು, ಮೊಲೆ ಕೊಟ್ಟದ್ದಕ್ಕೆ ಅವಳಿಗೆ ತಾಯಿಯ ಗತಿ ಸಿಕ್ಕಿತು ಎನ್ನುತ್ತದೆ ಭಾಗವತ. ಕೊಲ್ಲಲು ಬಂದವಳಿಗೂ ತಾಯಿಯ ಪದವಿ! ಭಕ್ತಿಯ ಕವಿಗಳು ಇದನ್ನು ಕೃಷ್ಣನ ಕರುಣೆ ಎಂದರು. ನನಗೆ ಕಾಣುವುದು ಇಷ್ಟು: ಅವಳನ್ನು ಎಡೆ ಇಟ್ಟು ಪೂಜಿಸುತ್ತಿದ್ದವರ ನೆನಪು ಪುರಾಣಕಾರನ ಕೈಯನ್ನು ಹಿಡಿದೆಳೆದಿದೆ. ಅವಳನ್ನು ಬರೀ ರಾಕ್ಷಸಿಯಾಗಿ ಸುಟ್ಟುಬಿಡಲು ಅವನಿಗೂ ಆಗಲಿಲ್ಲ.

ಇಷ್ಟೊಂದು ಹೆದರಿಕೆ ಯಾಕೆ ಎಂದು ಇವತ್ತಿನ ಮಕ್ಕಳು ಕೇಳಬಹುದು. 20ನೇ ಶತಮಾನದ ಆರಂಭದಲ್ಲಿ ಈ ದೇಶದಲ್ಲಿ ಹುಟ್ಟಿದ ಐದು ಕೂಸುಗಳಲ್ಲಿ ಹೆಚ್ಚುಕಡಿಮೆ ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಕೂಸು ಹುಟ್ಟಿದ ಐದನೆಯ ರಾತ್ರಿ ಸಟವಿ ಬರುತ್ತಾಳೆ. ಸಟವಿ ಎಂದೋ ಸೆಟವಿ ಎಂದೋ ಊರಿಗೊಂದು ಉಚ್ಚಾರ. ಮರಾಠಿಯಲ್ಲಿ ಸಟವಾಯಿ, ಸಂಸ್ಕೃತದ ಷಷ್ಠಿ, ಅಂದರೆ ಆರನೆಯವಳು. ಅವಳು ಹಣೆಬರಹ ಬರೆಯುವವಳು ಎಂದು ಒರಳುಗುಂಡಿನ ಹತ್ತಿರ ಕಾಗದ, ಲೇಖನಿ ಇಡುವವರಿದ್ದರು. ಅವಳೇ ಕೂಸನ್ನು ಒಯ್ಯುವವಳೂ ಹೌದು ಎಂದು ರಾತ್ರಿಯೆಲ್ಲ ದೀಪ ಹಚ್ಚಿಟ್ಟು ಎಚ್ಚರವಿರುತ್ತಿದ್ದರು. ಯಾಕೆ ಐದನೆಯ, ಆರನೆಯ ರಾತ್ರಿ? ವೈದ್ಯರನ್ನು ಕೇಳಿದರೆ ಉತ್ತರ ಹೇಳುತ್ತಾರೆ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಸಗಣಿಯೋ ಬೂದಿಯೋ ಮೆತ್ತಿದ ಕೂಸಿಗೆ ಧನುರ್ವಾಯು ತಗಲಿದರೆ ಅದು ಮೈದೋರುವುದು ಸಾಮಾನ್ಯವಾಗಿ ಮೊದಲ ವಾರದ ಆಸುಪಾಸಿನಲ್ಲಿ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಒಮ್ಮೆಲೇ ಮೊಲೆ ಹಿಡಿಯುವುದಿಲ್ಲ, ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಯಾರೋ ಬಂದು ಹಿಡಿದ ಹಾಗೆಯೇ. ಹೆಂಗಸರು ದಿನ ಎಣಿಸಿದ್ದು ಸರಿಯಾಗಿಯೇ ಇತ್ತು. ಭಾರತ ಈ ರೋಗವನ್ನು ಹಿಮ್ಮೆಟ್ಟಿಸಿತೆಂದು ಖಚಿತವಾದದ್ದು 2015ರಲ್ಲಿ, ತಾಯಂದಿರ ಲಸಿಕೆಯಿಂದ, ಶುದ್ಧ ಬ್ಲೇಡಿನಿಂದ. ಸಟವಿಯ ಪೂಜೆ ಮಾತ್ರ ಲಸಿಕೆಯೊಂದಿಗೆ ಜಗಳವಾಡದೆ ಹಲವು ಮನೆಗಳಲ್ಲಿ ಮುಂದುವರಿದಿದೆ.

ಇಲ್ಲಿ ನಮ್ಮ ನಾಡಿನ ಶಾಸನದ ಒಂದು ಮಾತನ್ನು ಎತ್ತಬೇಕು. ಬಾದಾಮಿ ಚಾಲುಕ್ಯರ ತಾಮ್ರಪಟಗಳು ತಮ್ಮ ವಂಶವನ್ನು ಹೇಳುವ ರೀತಿ ಪ್ರಸಿದ್ಧ: ಮಾನವ್ಯಸಗೋತ್ರದವರು, ಹಾರಿತೀಪುತ್ರರು, ಏಳು ಲೋಕಗಳ ತಾಯಂದಿರಾದ ಸಪ್ತಮಾತೃಕೆಯರಿಂದ ಬೆಳೆದವರು, ಕಾರ್ತಿಕೇಯ ಕಾಪಾಡಿದವರು. ಬನವಾಸಿಯ ಕದಂಬರೂ ತಮ್ಮನ್ನು ಹಾರಿತೀಪುತ್ರರೆಂದೇ ಕರೆದುಕೊಂಡರು, ಮಹಾಸೇನನನ್ನೂ ಮಾತೃಗಣವನ್ನೂ ನೆನೆದರು. ಹುರುಪಿನ ಯುವಕರು ಒಮ್ಮೊಮ್ಮೆ ನನ್ನ ಬಳಿ ಬಂದು, ‘ಸರ್, ನಮ್ಮ ಚಾಲುಕ್ಯರು ಹಾರಿತಿ ಯಕ್ಷಿಯ ಮಕ್ಕಳು!’ ಎನ್ನುತ್ತಾರೆ. ನಿರಾಸೆ ಮಾಡಬೇಕಾಗುತ್ತದೆ. ಗೌತಮೀಪುತ್ರ, ವಾಸಿಷ್ಠೀಪುತ್ರ ಎಂಬ ಹಾಗೆ ಇದು ಗೋತ್ರದಿಂದ ಬಂದ ತಾಯಿಯ ಹೆಸರು, ಹಾರಿತ ಗೋತ್ರದ್ದು. ಹೆಸರು ಹೊಂದಿತೆಂದು ನಂಟು ಕಟ್ಟಬಾರದು. ಆದರೆ ಅದೇ ಸಾಲಿನ ಮುಂದಿನ ಮಾತನ್ನು ಬಿಡಬಾರದು. ವನಪರ್ವದಲ್ಲಿ ಮಕ್ಕಳನ್ನು ತಿನ್ನಲು ಕೇಳಿದ ಆ ತಾಯಂದಿರೇ ಇಲ್ಲಿ ರಾಜವಂಶವನ್ನು ಸಾಕಿ ಬೆಳೆಸಿದವರು. ಮಥುರೆಯ ಕುಷಾಣ ಕಾಲದ ಮಾತೃಕೆಯರಿಗೆ ಹಕ್ಕಿಯ ಮುಖ, ಮೃಗದ ಮುಖ, ಮಡಿಲಲ್ಲಿ ಕೂಸು. ಐಹೊಳೆಯ ರಾವಣಫಡಿಯಲ್ಲಿ ಕುಣಿಯುವ ಶಿವನ ಸುತ್ತ ನಿಂತ ಸಪ್ತಮಾತೃಕೆಯರು ನೀಳ ದೇಹದ, ಎತ್ತರದ ಕಿರೀಟದ ರಾಣಿಯರು. ಬಲು ಚೆಲುವೆಯರು. ಆದರೆ ಬಾಣಂತಿ ಕೋಣೆಯ ಹೆಂಗಸು ತನ್ನ ಭಯ ಹೇಳಿಕೊಳ್ಳಲು ಅವರ ಬಳಿ ಹೋದಾಳೆಂದು ನನಗೆ ಅನ್ನಿಸುವುದಿಲ್ಲ. ಏಳು ಮಂದಿಗೆ ಹೆಸರು, ಗಂಡುದೇವರ ಶಕ್ತಿ, ವಾಹನ, ಸಾಲು ಎಲ್ಲ ಸಿಕ್ಕಿತು. ಆ ಏಳರಲ್ಲಿ ಸೇರದ ಲೆಕ್ಕವಿಲ್ಲದ ತಾಯಂದಿರು ಊರ ಹೊರಗಿನ ಮರದಡಿ, ಹಳ್ಳದ ದಂಡೆಯಲ್ಲಿ, ಕಲ್ಲಿಗೆ ಬಳಿದ ಕುಂಕುಮದಲ್ಲಿ ಉಳಿದರು.

ದೊಡ್ಡ ದೇವಿಯರಿಗೂ ಇವರಿಗೂ ಇರುವ ವ್ಯತ್ಯಾಸ ಡಂಬಳದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಗದಗ ಜಿಲ್ಲೆಯ ಡಂಬಳ ಆಗ ಧರ್ಮವೊಳಲು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರ ಶಾಸನದಲ್ಲಿ ಅಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ ಇವೆರಡಕ್ಕೂ ಬಿಟ್ಟ ದತ್ತಿ ಇದೆ. ಬಳ್ಳಿಗಾವೆಯಲ್ಲೂ 11ನೇ ಶತಮಾನದಲ್ಲಿ ನಾಗಿಯಕ್ಕ ಎಂಬವಳು ತಾರಾಭಗವತಿಯ ಮೂರ್ತಿ ಮಾಡಿಸಿದಳು. ತಾರೆ ಹಸಿದವಳಲ್ಲ, ಸೇಡಿನವಳಲ್ಲ, ದಾಟಿಸುವವಳು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ ಎಂಬ ಎಂಟು ಭಯಗಳಿಂದ ಪಾರು ಮಾಡುವವಳು. ಈ ಪಟ್ಟಿಯನ್ನು ಓದಿದರೆ ಎತ್ತಿನ ಸಾಲು ಹೊಡೆದುಕೊಂಡು ಕಾಡುದಾರಿಯಲ್ಲಿ ಹೊರಟ ವ್ಯಾಪಾರಿಯ ಎದೆಬಡಿತ ಕೇಳಿಸುತ್ತದೆ. ಸೆಟ್ಟಿಗಳು ಅವಳಿಗೆ ವಿಹಾರ ಕಟ್ಟಿಸಿದ್ದು ಸಹಜ. ಆ ವ್ಯಾಪಾರ, ಆ ಸಂಘ, ಆ ವಿಹಾರ ಹೋದ ಮೇಲೆ ತಾರೆಯೂ ನಮ್ಮ ನಾಡಿನಿಂದ ಹೋದಳು. ಟಿಬೆಟ್ಟಿನಲ್ಲಿ, ನೇಪಾಳದಲ್ಲಿ ಮನೆಮಾತಾಗಿ ಉಳಿದಳು. ಡಂಬಳದಲ್ಲಿ ಈಗ ಶಾಸನದ ಅಕ್ಷರವಿದೆ, ಎಡೆ ಇಲ್ಲ. ಕಲ್ಲಿನ ಮೇಲೆ ಬರೆದ ದತ್ತಿ ಇಷ್ಟು ಬೇಗ ನಿಂತುಹೋಯಿತು. ಮರದಡಿಯ ತಾಯಂದಿರಿಗೆ ಇಡುವ, ಎಲ್ಲೂ ಬರೆಯದ ದತ್ತಿ ಮುಂದುವರಿಯಿತು. ಶಾಸನದ ಮೇಲೆ ಬದುಕು ಕಟ್ಟಿಕೊಂಡ ನನ್ನಂಥವನಿಗೆ ಇದು ಸ್ವಲ್ಪ ಇರಿಸುಮುರಿಸಿನ ವಿಷಯ.

ಹಾರಿತಿ ಹೊರನಾಡುಗಳಿಗೂ ಹೋದಳು. ಜಾವಾದ ಮೆಂಡುತ್ ಗುಡಿಯ ಹೊಸ್ತಿಲ ಗೋಡೆಯಲ್ಲಿ ಮಕ್ಕಳ ನಡುವೆ ಕೂತಿದ್ದಾಳೆ. ಕಾಠ್ಮಂಡುವಿನ ಸ್ವಯಂಭೂ ಸ್ತೂಪದ ಮಗ್ಗುಲಲ್ಲೇ ಅವಳ ಗುಡಿ. ನೇವಾರರಿಗೆ ಅವಳು ‘ಅಜಿಮಾ’, ಅಜ್ಜಿ, ಸಿಡುಬಿನ ಕಾಲದಲ್ಲಿ ಎಲ್ಲರೂ ಓಡುತ್ತಿದ್ದದ್ದು ಅವಳ ಹತ್ತಿರ. ಜಪಾನಿನಲ್ಲಿ ಅವಳು ಕಿಶಿಮೋಜಿನ್, ಕೈಯಲ್ಲಿ ದಾಳಿಂಬೆ. ಟೋಕಿಯೋದ ಜೋಶಿಗಾಯದ ಗುಡಿಯಲ್ಲಿ ಅವಳ ಹೆಸರಿನೊಳಗಿನ ‘ರಾಕ್ಷಸ’ ಎಂಬ ಅಕ್ಷರವನ್ನು ಬರೆಯುವಾಗ ತಲೆಯ ಮೇಲಿನ ಸಣ್ಣ ಗೀಟೊಂದನ್ನು ಬಿಡುತ್ತಾರೆ. ಆ ಗೀಟು ಕೊಂಬಿದ್ದ ಹಾಗೆ. ಶರಣಾದ ಮೇಲೆ ಕೊಂಬು ಬಿತ್ತು ಎಂಬ ಭಾವ. ಚಂದವಾದ ಗೌರವ. ಆದರೆ ಅಕ್ಷರದ ಉಳಿದ ಭಾಗವನ್ನು ಅವರು ಬದಲಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ರಾಕ್ಷಸಿ ಎಂಬ ಹೆಸರು ಹಾಗೇ ಇದೆ.

ನಮ್ಮ ಕಾಲದ ಓದು ಉಗ್ರದೇವಿಯರನ್ನು ಎರಡು ಬಗೆಯಲ್ಲಿ ನೋಡುತ್ತದೆ. ಒಂದು, ಇವರು ಸ್ವತಂತ್ರ ಹೆಣ್ಣುಗಳು, ಪುರೋಹಿತರೂ ಭಿಕ್ಷುಗಳೂ ಸೇರಿ ಪಳಗಿಸಿದರು. ಇನ್ನೊಂದು, ಇದೆಲ್ಲ ಅಜ್ಞಾನ, ರೋಗಕ್ಕೆ ಹೆಣ್ಣಿನ ಮುಖ ಅಂಟಿಸಿದ್ದು. ಎರಡರಲ್ಲೂ ಹುರುಳಿದೆ. ಮಗುವಿನ ಸಾವಿಗೆ ಯಾವಾಗಲೂ ಹೆಣ್ಣನ್ನೇ ಹೊಣೆ ಮಾಡಿದ್ದು, ಬಂಜೆಯ ಕಣ್ಣು, ಸೂಲಗಿತ್ತಿಯ ಕೈ, ಸೊಸೆಯ ಕಾಲ್ಗುಣ ಎಂದೆಲ್ಲ ಆಡಿದ್ದು ಇದೇ ನೆರಳಿನಲ್ಲಿ. ಅದನ್ನು ಮುಚ್ಚಿಡಲು ನಾನು ಸಿದ್ಧನಿಲ್ಲ. ಆದರೂ ಎರಡು ಓದುಗಳೂ ಹಾರಿತಿಯ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದಿಲ್ಲ. ಅವಳು ಪಳಗಲಿಲ್ಲ, ಅವಳಿಗೆ ಪಾಲು ಸಿಕ್ಕಿತು. ದಾರಿಯಲ್ಲಿ ಗರ್ಭ ಕಳೆದುಕೊಂಡವಳ ಮುಂದೆ ನಿಲ್ಲದೆ ಹೋದ ಊರು, ಅದೆಷ್ಟೋ ಕಾಲದ ಮೇಲೆ ನಿಂತು, ಹೆಸರು ಕರೆದು, ಎಲೆ ಹಾಕಿತು.

ಇನ್ನು ನನ್ನ ಮನೆಯ ಗೋಡೆ. ಶ್ರಾವಣ ಬಂತೆಂದರೆ ನಮ್ಮ ಕಡೆ ಪೇಟೆಯಲ್ಲಿ ಜೀವತಿ ಪಟ ಬರುತ್ತದೆ. ತೆಳು ಕಾಗದದ ಮೇಲೆ ಅಚ್ಚಾದ ಚಿತ್ರ. ಅದರಲ್ಲಿ ನರಸಿಂಹ, ಕಾಳಿಂಗನ ಮೇಲಿನ ಕೃಷ್ಣ, ಆನೆಯ ಮೇಲೆ ಬುಧ, ಹುಲಿಯ ಮೇಲೆ ಬೃಹಸ್ಪತಿ. ನಡುವೆ ಇಬ್ಬರು ಹೆಂಗಸರು, ಮಡಿಲಲ್ಲಿ, ಹೆಗಲಲ್ಲಿ, ಕಾಲ ಬುಡದಲ್ಲಿ ಮಕ್ಕಳು. ನನ್ನ ಆಯಿ ಅದನ್ನು ದೇವರ ಕೋಣೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದಳು. ಶುಕ್ರವಾರ ಹೂರಣದ ಆರತಿ, ನೈವೇದ್ಯ. ಎಷ್ಟೋ ವರ್ಷಗಳ ಮೇಲೆ ಮರಾಠಿಯಲ್ಲಿ ಆ ಪಟದ ಇಬ್ಬರ ಹೆಸರು ಜರಾ-ಜೀವಂತಿಕಾ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು. ಗಿರಿವ್ರಜದ ಗೋಡೆಯಿಂದ ನಮ್ಮ ಗೋಡೆಗೆ ಬಂದು ಕೂತವಳು ಜರೆ! ಓಡಿ ಹೋಗಿ ಆಯಿಗೆ ಹೇಳಿದೆ: ‘ಆಯಿ, ಇಕಿ ರಾಕ್ಷಸಿ. ಮಕ್ಕಳನ್ನ ತಿನ್ನಾಕಿ. ಭಾರತದಾಗ ಬಂದದ.’ ಆಯಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ. ‘ಮತ್ತ ಹೊಟ್ಟಿಗೆ ಹಾಕಲಿಲ್ಲಂದ್ರ ತಿನ್ನೂದs ಆತಲ್ಲ ತಮ್ಮಾ’ ಎಂದಳು.

ಜೀವತಿಯ ಒಂದು ಕಥೆಯನ್ನು ಅವಳು ಪ್ರತಿ ಶ್ರಾವಣದಲ್ಲಿ ಹೇಳುತ್ತಿದ್ದಳು. ಮರಾಠಿ ಸೀಮೆಯಲ್ಲೂ ಇದು ಬಳಕೆಯಲ್ಲಿದೆ. ಒಬ್ಬ ತಾಯಿಯ ಕೂಸನ್ನು ಸೂಲಗಿತ್ತಿ ಕದ್ದು ಮಕ್ಕಳಿಲ್ಲದ ರಾಣಿಗೆ ಕೊಟ್ಟು, ತಾಯಿಯ ಮಗ್ಗುಲಲ್ಲಿ ಒರಳುಗುಂಡು ಇಟ್ಟಳು. ತಾಯಿ ಎಲ್ಲಿದ್ದಾನೋ ತಿಳಿಯದ ಮಗನಿಗಾಗಿ ಜೀವತಿಯ ವ್ರತ ಹಿಡಿದು, ಅಕ್ಷತೆ ಎಸೆಯುತ್ತಿದ್ದಳು. ರಾಜನ ಮಗನಾಗಿ ಬೆಳೆದ ಹುಡುಗ ಒಮ್ಮೆ ಪ್ರಯಾಣದಲ್ಲಿ ಒಂದು ಮನೆಯ ಬಾಗಿಲಲ್ಲಿ ಅಡ್ಡ ಮಲಗಿದ. ಆ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಐದನೆಯ ರಾತ್ರಿ ಸಾಯುತ್ತಿದ್ದವು. ನಡುರಾತ್ರಿ ಸಟವಿ ಬಂದಳು. ನನ್ನ ದಾರಿಗೆ ಅಡ್ಡ ಮಲಗಿದವನು ಯಾರು ಎಂದು ಕೇಳಿದಳು. ಕತ್ತಲೆಯಿಂದ ಜೀವತಿ ಹೇಳಿದಳು: ಅವನು ನನ್ನ ಹರಕೆಯ ಕೂಸು, ದಾಟಬೇಡ. ಹೊಸ್ತಿಲ ಮೇಲೆ ಇಬ್ಬರೂ ಬೆಳಗಿನ ತನಕ ವಾದ ಮಾಡಿದರು. ಕೋಳಿ ಕೂಗಿತು, ಸಟವಿ ಹಿಂದಿರುಗಿದಳು, ಒಳಗಿನ ಕೂಸು ಉಳಿಯಿತು. ಕೊಲ್ಲುವವಳೂ ಕಾಯುವವಳೂ ಒಬ್ಬಳೇ ಎಂದು ಶಾಸ್ತ್ರ ಹೇಳಿದ್ದನ್ನು ಈ ಕಥೆ ಎರಡು ಮಾಡಿ, ಒಂದೇ ಹೊಸ್ತಿಲ ಮೇಲೆ ನಿಲ್ಲಿಸಿ, ಅಕ್ಕತಂಗಿಯರಂತೆ ಜಗಳಕ್ಕೆ ಹಚ್ಚಿದೆ.

ನನ್ನ ಅಣ್ಣ ಪುಣೆಗೆ ನೌಕರಿಗೆ ಹೋದ ವರ್ಷದ ಶ್ರಾವಣ. ಆರತಿಯಾಯಿತು, ನಮ್ಮ ತಲೆಗಳ ಮೇಲೆ ಅಕ್ಷತೆ ಬಿತ್ತು. ಆಮೇಲೆ ಆಯಿ ಅಂಗಳಕ್ಕೆ ಬಂದು ಒಂದೊಂದು ಹಿಡಿ ಅಕ್ಷತೆಯನ್ನು ನಾಲ್ಕೂ ದಿಕ್ಕಿಗೆ ಎಸೆದಳು. ಪುಣೆ ಇರುವುದು ಉತ್ತರಕ್ಕೆ, ಉಳಿದ ಮೂರು ಹಿಡಿ ಯಾಕೆ ಎಂದು ಕೇಳಿದೆ. ಭೂಗೋಳದಲ್ಲಿ ಆಗ ನನಗೆ ಒಳ್ಳೆಯ ಅಂಕ ಬರುತ್ತಿತ್ತು.

‘ಯಾವ ಕಡೆ ಅದನೋ ಏನೋ’ ಎಂದಳು. ‘ಆಫೀಸಿನವರು ಇವತ್ತ ಎಲ್ಲಿ ಕಳಿಸ್ಯಾರೋ ಯಾರಿಗೆ ಗೊತ್ತು.’

ಅಕ್ಷತೆಯನ್ನು ಅಂಗಳದ ಗುಬ್ಬಿಗಳು ಆಯ್ದುಕೊಂಡವು.